ಗಾಳಿಯಲ್ಲಿ ಮನುಷ್ಯ ಇರುವಾಗ

ಗಂಟಲು ಕೊಯ್ದು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಹಾಗಾದ್ರೆ ಫೋನಲ್ಲಿ ಯಾರು ಮಾತಾಡೋದು?" ಎಂಬುದು. ಡಾಕ್ಟರು ನನ್ನ ಮಗಳ ಮುಖ ನೋಡಿದರು. ಸುದ್ದಿ ಕೇಳಿ ಮುದುಕನಿಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು. ಮಗಳಿಗೆ ಮಾತ್ರ ಅದು ತಮಾಷೆಯಲ್ಲ ಎಂದು ಗೊತ್ತಿತ್ತು. ಅವಳು ತಲೆ ತಗ್ಗಿಸಿ ಕೈಚೀಲದ ಜಿಪ್ಪನ್ನು ಎಳೆಯುತ್ತಾ ಕೂತಳು.

ನಮ್ಮದು ಹನ್ನೊಂದು ಜನರ ಕಾರ್ಖಾನೆ. ಹಾಸಿಗೆ ಹಿಡಿದವರನ್ನು ಎತ್ತಿ ಕುರ್ಚಿಗೆ ಕೂರಿಸುವ ಯಂತ್ರ ಮಾಡುತ್ತೇವೆ. ನೆಲಕ್ಕೆ ಚಾಚಿದ ಎರಡು ಕಬ್ಬಿಣದ ಕಾಲು, ಅವುಗಳ ಅಡಿಯಲ್ಲಿ ಚಕ್ರ, ಮೇಲೊಂದು ಕಂಬ, ಕಂಬದಿಂದ ಹೊರಟ ತೋಳು, ತೋಳಿಗೆ ನೇತು ಹಾಕುವ ದಪ್ಪ ಬಟ್ಟೆಯ ಜೋಳಿಗೆ, ಇಷ್ಟೇ. ಜೋಳಿಗೆಯನ್ನು ಮಲಗಿದವರ ಬೆನ್ನಡಿಗೆ ತೂರಿಸಿ, ಅದರ ನಾಲ್ಕು ಕುಣಿಕೆಗಳನ್ನು ತೋಳಿಗೆ ಸಿಕ್ಕಿಸಿ, ಜಾಕಿನ ಹಿಡಿಯನ್ನು ಒತ್ತುತ್ತಾ ಹೋದರೆ ಎಂಥ ಭಾರದ ಮನುಷ್ಯನೂ ಹಾಸಿಗೆ ಬಿಟ್ಟು ಮೇಲೇಳುತ್ತಾನೆ. ಹನ್ನೆರಡು ವರ್ಷದ ಹಿಂದೆ ನನ್ನ ಅಕ್ಕನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋದಾಗ ಅವಳಿಗೋಸ್ಕರ ಮೊದಲನೆಯದನ್ನು ಮಾಡಿದೆ. ನೋಡಿದವರು ತಮಗೂ ಬೇಕು ಎಂದರು. ಹಾಗೆ ಬೆಳೆಯಿತು.

ಆಸ್ಪತ್ರೆಗಳಿಗಿಂತ ಮನೆಗಳೇ ನಮ್ಮ ಗಿರಾಕಿಗಳು. ಮನೆ ಎಂದರೆ ಹೆಂಡತಿ, ಸೊಸೆ, ತಮ್ಮ, ಮಗಳು. ಸ್ಪ್ಯಾನರ್ ಹಿಡಿದು ಗೊತ್ತಿಲ್ಲದವರು. ಅವರಿಗೆಂದು ಯಂತ್ರದ ಕಂಬಕ್ಕೆ ಒಂದು ಚೀಟಿ ಅಂಟಿಸುತ್ತಿದ್ದೆವು. "ಯಂತ್ರ ಬಂದ ಕೂಡಲೇ ಈ ನಂಬರಿಗೆ ಫೋನ್ ಮಾಡಿ." ನಂಬರು ನನ್ನದು. ಹನ್ನೆರಡು ವರ್ಷ ನಾನು ಫೋನಿನಲ್ಲೇ ಜನರನ್ನು ಎತ್ತಿದ್ದೇನೆ, ಇಳಿಸಿದ್ದೇನೆ, ಬೈದಿದ್ದೇನೆ, ಸಮಾಧಾನ ಮಾಡಿದ್ದೇನೆ. ಕಾರ್ಖಾನೆಯವರು ಬೆನ್ನ ಹಿಂದೆ ನನ್ನನ್ನು ಗುಡುಗು ಎನ್ನುತ್ತಾರೆ. ಮುಂದೆ ಅನ್ನುವ ಧೈರ್ಯ ಇಲ್ಲ.

ಕೈಪಿಡಿ ಇರಲಿಲ್ಲವೇ ಎಂದರೆ ಇತ್ತು. ನಮ್ಮಲ್ಲೇ ಎಂಜಿನಿಯರ್ ಆಗಿರುವ ಅಕ್ಕನ ಮಗ ಬರೆದದ್ದು, ಐವತ್ತೆರಡು ಪುಟ. ಮೊದಲ ಎಂಟು ಪುಟ ಬರೀ ಎಚ್ಚರಿಕೆಗಳು, ಆಮೇಲೆ ಉಕ್ಕಿನ ಗುಣ, ಬೆಸುಗೆಯ ಬಲ, ಜಾಕಿನ ಎಣ್ಣೆಯ ಜಾತಕ. ಎತ್ತುವುದು ಹೇಗೆ ಎಂಬುದು ಮೂವತ್ತೊಂದನೇ ಪುಟಕ್ಕೆ ಬರುತ್ತಿತ್ತು. ಒಬ್ಬ ಗಿರಾಕಿ ಅದನ್ನು ಅಲುಗಾಡುವ ಮೇಜಿನ ಕಾಲಡಿಗೆ ಇಟ್ಟಿದ್ದ, ದಪ್ಪ ಸರಿಯಾಗಿ ಹೊಂದಿತಂತೆ. ನಮ್ಮ ಹುಡುಗನನ್ನೂ ದೂರುವಂತಿಲ್ಲ. ಬರೆಸಿದವನು ನಾನೇ, ಹೊಗಳಿದವನೂ ನಾನೇ.

ಆಪರೇಷನ್‌ಗೆ ಇಪ್ಪತ್ತಾರು ದಿನ ಇತ್ತು. ಡಾಕ್ಟರನ್ನು ನೋಡಲು ಹೋಗುವ ಎರಡು ದಿನ ಮುಂಚೆಯಷ್ಟೇ ಒಬ್ಬ ಹೆಂಗಸಿಗೆ ನಾನು ಮಾತು ಕೊಟ್ಟಿದ್ದೆ. ಅವರ ಗಂಡ ಲಾರಿ ಡ್ರೈವರ್. ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಮನೆಯಲ್ಲಿ ಇಬ್ಬರೇ.

"ಅವರು ತೊಂಬತ್ತೆರಡು ಕೆಜಿ ಸಾರ್, ನಾನು ನಲವತ್ತಾರು. ಮಗ್ಗುಲು ಬದಲಾಯಿಸೋ ಅಷ್ಟರಲ್ಲೇ ನನಗೆ ಸಾಕುಸಾಕಾಗುತ್ತೆ. ನಿಮ್ಮ ಮೆಷಿನ್ ನನ್ನ ಕೈಲಿ ಆಗುತ್ತಾ?"

"ಯಾಕಮ್ಮ ಆಗಲ್ಲ? ಬಂದ ದಿನ ಫೋನ್ ಮಾಡಿ. ನಾನು ಹೇಳ್ತಾ ಹೋಗ್ತೀನಿ, ನೀವು ಮಾಡ್ತಾ ಹೋಗಿ."

"ನೀವೇ ಹೇಳ್ತೀರಾ?"

"ನಾನೇ ಹೇಳ್ತೀನಿ. ಇನ್ಯಾರು ಹೇಳ್ತಾರೆ?"

ಅಷ್ಟು ಭಾರಕ್ಕೆ ದೊಡ್ಡ ಜಾಕ್ ಬೇಕು, ಅದು ಹೊರಗಿನಿಂದ ಬರಬೇಕು. ಹಾಗಾಗಿ ಅವರ ಯಂತ್ರ ಅವರ ಮನೆ ತಲುಪುವುದು ನನ್ನ ಆಪರೇಷನ್ ಆದ ಮೇಲೆ. ನನ್ನ ದನಿ ಇಲ್ಲದೆ ಯಂತ್ರ ಬಿಚ್ಚುವ ಮೊದಲ ಗಿರಾಕಿ ಅವರೇ. ಇದು ಗೊತ್ತಾದ ಮೇಲೆ ನನಗೆ ಗಂಟಲಿನ ಚಿಂತೆ ಹಿಂದೆ ಸರಿದು ಈ ಹೆಂಗಸಿನ ಚಿಂತೆ ಹತ್ತಿಕೊಂಡಿತು. ಇಂಥ ಯಂತ್ರವನ್ನು ತಪ್ಪು ಬಳಸಿದರೆ ಮನುಷ್ಯ ಬೀಳುತ್ತಾನೆ. ಹೆದರಿ ಬಳಸದೇ ಬಿಟ್ಟರೆ ಅದು ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗುತ್ತದೆ. ಎರಡನ್ನೂ ಕಣ್ಣಾರೆ ಕಂಡವನು ನಾನು.

"ಹೊರಗಿನವರಿಂದ ಬರೆಸೋಣ ಅಪ್ಪ," ಎಂದಳು ಮಗಳು. "ಕೈಪಿಡಿ ಬರೆಯೋದೇ ಕೆಲಸ ಮಾಡ್ಕೊಂಡಿರೋರು ಇದ್ದಾರೆ."

ನನಗೆ ಮೈಯೆಲ್ಲ ಉರಿಯಿತು. "ನನ್ನ ಯಂತ್ರ! ಅದರ ಒಂದೊಂದು ನಟ್ಟೂ ನನಗೆ ಗೊತ್ತು. ಯಾರೋ ದಾರೀಲಿ ಹೋಗೋರು ಬಂದು ಬರೀತಾರಾ? ನಮ್ಮಲ್ಲಿ ಬರೆಯೋರಿಗೆ ಬರ ಬಂದಿದೆಯಾ?"

"ನಮಗೆ ಎಲ್ಲಾ ಗೊತ್ತು ಅಪ್ಪ. ಅದೇ ತೊಂದರೆ."

ಈ ಮಾತಿನ ಅರ್ಥ ಆವತ್ತು ನನಗೆ ಹತ್ತಲಿಲ್ಲ. ಒಪ್ಪಿದ್ದು ಮಗಳ ಕಣ್ಣಲ್ಲಿ ನೀರು ಕಂಡದ್ದಕ್ಕೆ.

ಬಂದವರು ನಲವತ್ತು ದಾಟಿದ ಸಣ್ಣ ಆಕೃತಿಯ ಹೆಂಗಸು. ಹೆಗಲಲ್ಲಿ ಬಟ್ಟೆಚೀಲ, ಅದರಲ್ಲಿ ಗೆರೆಯಿಲ್ಲದ ನೋಟ್‌ಬುಕ್, ಎರಡು ಪೆನ್ಸಿಲ್, ಒಂದು ಸ್ಟಾಪ್‌ವಾಚ್. ಹಿಂದೆ ಹೊಲಿಗೆ ಯಂತ್ರಕ್ಕೆ, ನೀರಿನ ಫಿಲ್ಟರಿಗೆ, ಮನೆಯಲ್ಲೇ ಬಿ.ಪಿ. ನೋಡುವ ಉಪಕರಣಕ್ಕೆ ಬರೆದಿದ್ದರಂತೆ. ನಾನು ಒಗೆದ ಶರ್ಟು ಹಾಕಿಕೊಂಡು, ಕಾರ್ಖಾನೆ ತೋರಿಸಲು ಸಜ್ಜಾಗಿ, ಗಂಟಲು ಸರಿಮಾಡಿಕೊಂಡು ನಿಂತಿದ್ದೆ. ಅವರು ಕೈ ಅಡ್ಡ ಹಿಡಿದರು.

"ದಯವಿಟ್ಟು ಏನೂ ಹೇಳಬೇಡಿ ಸಾರ್. ಗಿರಾಕಿ ಮನೆಗೆ ಪೆಟ್ಟಿಗೆ ಹೇಗೆ ಹೋಗುತ್ತೋ ಹಾಗೇ ನನಗೊಂದು ಕೊಡಿ. ಒಂದು ಖಾಲಿ ಕೋಣೆ ಕೊಡಿ."

"ನಾನು ಒಂದು ಸಲ ತೋರಿಸಿಬಿಟ್ರೆ ಹತ್ತು ನಿಮಿಷದಲ್ಲಿ ಮುಗಿಯುತ್ತೆ."

"ಅದಕ್ಕೇ ಬೇಡ ಅಂದಿದ್ದು. ಗೊತ್ತಿಲ್ಲದೇ ಇರೋಕೆ ನನಗೆ ಸಿಗೋದು ಒಂದೇ ಅವಕಾಶ. ನೀವು ಬಾಯಿ ಬಿಟ್ರೆ ಅದು ಹೋಯ್ತು."

ನನ್ನ ಜನ್ಮದಲ್ಲಿ ಹಾಗೆ ಯಾರೂ ನನ್ನ ಬಾಯಿ ಮುಚ್ಚಿಸಿರಲಿಲ್ಲ. ಕೋಣೆಯ ಬಾಗಿಲಿಗೆ ಗಾಜು ಇತ್ತು. ನಾನೂ ಅಕ್ಕನ ಮಗನೂ ಆ ಗಾಜಿಗೆ ಮೂಗು ಒತ್ತಿ ನೋಡಿದೆವು. ಆಕೆ ಪೆಟ್ಟಿಗೆಯನ್ನು ತಲೆಕೆಳಗಾಗಿ ಬಿಚ್ಚಿದರು. ಕಂಬವನ್ನು ಹಿಂದುಮುಂದಾಗಿ ಕೂರಿಸಿದರು. ಜೋಳಿಗೆಯ ತಲೆಯ ಭಾಗವನ್ನು ಕಾಲಿನ ಕಡೆ ಹಾಸಿದರು. ಒಂದೊಂದು ತಪ್ಪಿಗೂ ನಾನು ಹೊರಗಿನಿಂದ "ಅಯ್ಯೋ! ಅದಲ್ಲ!" ಎಂದು ಕೂಗಿದೆ. ಅವರು ಎದ್ದು ಬಂದು, ಗಾಜಿಗೆ ಒಳಗಿನಿಂದ ಒಂದು ಹಾಳೆ ಅಂಟಿಸಿ, ಹೋಗಿ ಮತ್ತೆ ಕೂತರು.

ಮೂರು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಹೊರಬಂದಾಗ ಕೈಯೆಲ್ಲ ಗ್ರೀಸು, ಕೂದಲಿಗೆ ಥರ್ಮಾಕೋಲಿನ ಬಿಳಿ ಚೂರು, ಮುಖದಲ್ಲಿ ಎಂಥದೋ ಸಂತೋಷ. "ಇಪ್ಪತ್ತೇಳು ಕಡೆ ನಾನು ತಪ್ಪು ಮಾಡ್ದೆ ಸಾರ್," ಎಂದರು, ಏನೋ ಬಹುಮಾನ ಗೆದ್ದವರ ಹಾಗೆ. ನಮ್ಮ ಫಿಟ್ಟರ್ ನನ್ನ ಕಿವಿಯಲ್ಲಿ, "ಇಷ್ಟು ದಡ್ಡರು ಎಲ್ಲಿ ಸಿಕ್ಕಿದ್ರು ಸಾರ್ ನಿಮಗೆ?" ಎಂದ. ನಾನೂ ನಕ್ಕೆ. ಈಗ ಆ ನಗು ನೆನಪಾದರೆ ನಾಚಿಕೆಯಾಗುತ್ತದೆ.

ಆಮೇಲೆ ಒಂಬತ್ತು ದಿನ ಆಕೆ ನನ್ನ ಫೋನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ನಾನು ಗಿರಾಕಿಗಳಿಗೆ ಹೇಳುವುದನ್ನಲ್ಲ, ಅವರು ನನ್ನನ್ನು ಕೇಳುವುದನ್ನು ಬರೆದುಕೊಳ್ಳುತ್ತಿದ್ದರು. ನಾನು ಎಲ್ಲಿ ದನಿ ಏರಿಸುತ್ತೇನೆ ಎಂಬುದಕ್ಕೂ ಒಂದು ಗುರುತು ಹಾಕುತ್ತಿದ್ದರಂತೆ. "ನೀವು ಬೈಯೋ ಜಾಗದಲ್ಲೆಲ್ಲ ಅವರದ್ದಲ್ಲ, ಯಂತ್ರದ್ದೋ ಮಾತಿನದ್ದೋ ತಪ್ಪಿರುತ್ತೆ," ಎಂದರು. ಬೇರೆಯವರು ಹೇಳಿದ್ದರೆ ಎದ್ದು ಹೋಗಿ ಎನ್ನುತ್ತಿದ್ದೆ. ಆದರೆ ಅವರ ದನಿಯಲ್ಲಿ ಕುಹಕ ಇರಲಿಲ್ಲ.

ಹತ್ತನೇ ದಿನ ನನ್ನ ಕೈಯಲ್ಲಿ ಯಂತ್ರ ಕೊಟ್ಟು, ಫಿಟ್ಟರನ್ನು ಹಾಸಿಗೆಯ ಮೇಲೆ ಮಲಗಿಸಿ, ಇಪ್ಪತ್ತು ಸಲ ಎತ್ತಿ ಇಳಿಸಿ ಎಂದರು. ಮಲಗಿ ಸಂಬಳ ತಗೊಳ್ಳುವ ಯೋಗ ಬಂತಲ್ಲ ಎಂದು ಫಿಟ್ಟರ್ ಖುಷಿಯಾಗಿ ಮಲಗಿದ. ಎಂಟನೇ ಸಲಕ್ಕೆ ಗೊರಕೆ ಹೊಡೆಯುತ್ತಿದ್ದ. ಆಕೆ ಮಾತ್ರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನನ್ನ ಕಾಲನ್ನೇ ನೋಡುತ್ತಿದ್ದರು.

"ಸಾರ್, ನಿಮ್ಮ ಎಡಗಾಲು ಏನ್ ಮಾಡ್ತಿದೆ?"

"ನಿಂತಿದೆ. ಕಾಲು ಇನ್ನೇನು ಮಾಡುತ್ತೆ?"

"ಬಗ್ಗಿ ನೋಡಿ."

ನೋಡಿದೆ. ನನ್ನ ಎಡಪಾದದ ತುದಿ ಯಂತ್ರದ ಕಬ್ಬಿಣದ ಕಾಲಿಗೆ ಒತ್ತಿಕೊಂಡಿತ್ತು. ಹಿಡಿ ಒತ್ತಿದಾಗ ಭಾರ ಬಿದ್ದು ಯಂತ್ರ ಒಂದಿಷ್ಟು ಸರಿಯುತ್ತದೆ. ಸರಿಯಲೇಬೇಕು, ಆಗಲೇ ಅದಕ್ಕೆ ಸಮತೋಲ ಸಿಗುವುದು. ಬ್ರೇಕು ಹಾಕಿದರೆ ವಾಲುತ್ತದೆ, ಪೂರ್ತಿ ಸಡಿಲ ಬಿಟ್ಟರೆ ನುಣುಪು ನೆಲದ ಮೇಲೆ ಜಾರಿ ಓಡುತ್ತದೆ. ನನ್ನ ಪಾದ ಅದನ್ನು ಓಡಗೊಡದೆ, ನಿಲ್ಲಗೊಡದೆ, ಬೇಕಾದಷ್ಟೇ ಬಿಡುತ್ತಿತ್ತು. ಇದನ್ನು ಈ ಹನ್ನೆರಡು ವರ್ಷದಲ್ಲಿ ನಾನು ಒಬ್ಬರಿಗೂ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

"ಯಂತ್ರ ಓಡುತ್ತೆ ಸಾರ್" ಎಂದು ಎಷ್ಟು ಜನ ಫೋನಿನಲ್ಲಿ ಅತ್ತಿದ್ದರು! ನಿಮ್ಮ ನೆಲ ಸರಿಯಿಲ್ಲ ಎಂದು ನಾನು ಅವರ ಬಾಯಿ ಮುಚ್ಚಿಸಿದ್ದೆ.

ಆಕೆ ಬೆರಳು ಮಾಡಿ ಇನ್ನೊಂದು ತೋರಿಸಿದರು. ನಾವು ದಿನವೂ ಬಳಸುವ ಆ ಯಂತ್ರದ ಎಡಗಾಲಿನಲ್ಲಿ, ಬೂಟಿನ ತುದಿ ಅಗಲದಷ್ಟು ಜಾಗದಲ್ಲಿ ಬಣ್ಣ ಹೋಗಿ ಕಬ್ಬಿಣ ಕಾಣುತ್ತಿತ್ತು. ಅಕ್ಕನ ಮಗ ಪೆಚ್ಚಾಗಿ ನನ್ನ ಮುಖ ನೋಡಿದ. ಆ ಜಾಗದ ಬಣ್ಣ ನಿಲ್ಲುವುದಿಲ್ಲವೆಂದು ನಾವು ಎರಡು ಸಲ ಪೇಂಟಿನ ಕಂಪನಿ ಬದಲಾಯಿಸಿದ್ದೆವು. ಎರಡನೆಯವನಿಗಂತೂ ನಾನು ಫೋನಿನಲ್ಲಿ ಅರ್ಧ ಗಂಟೆ ಮಂಗಳಾರತಿ ಮಾಡಿದ್ದೆ.

"ಮಾಮ," ಎಂದ ಹುಡುಗ, "ಪಾಪ ಆ ಪೇಂಟಿನವರು."

ಅಲ್ಲಿಗೆ ನನ್ನ ಜಂಬದ ಗಾಳಿ ಪೂರ್ತಿ ಇಳಿಯಿತು. ನಾನು ಮಾಡಿದ ಯಂತ್ರದ ಅರ್ಧ ನನ್ನ ಕಾಲಿನಲ್ಲಿತ್ತು, ಅದನ್ನು ಕಾಣಲು ನಮ್ಮ ಮನೆಯದಲ್ಲದ ಒಂದು ಜೋಡಿ ಕಣ್ಣು ಬೇಕಾಯಿತು. ಮಗಳು ಹೇಳಿದ ಮಾತಿನ ಅರ್ಥ ಆಗ ಹತ್ತಿತು.

ಆಕೆ ಗೆದ್ದವರ ಮುಖ ಮಾಡಲಿಲ್ಲ. ಅವರಿಗೆ ಆಗಲೇ ಮುಂದಿನ ಚಿಂತೆ. ಪಾದವನ್ನು ಎಷ್ಟು ಒತ್ತಬೇಕು? "ಹಗುರವಾಗಿ ಅಂತ ಬರೆದ್ರೆ ಸಾಕಲ್ಲ," ಎಂದೆ. "ನಿಮ್ಮ ಹಗುರ ಬೇರೆ, ನಲವತ್ತಾರು ಕೆಜಿಯವರ ಹಗುರ ಬೇರೆ," ಎಂದರು. ತಾವೇ ಫಿಟ್ಟರನ್ನು ಎತ್ತಿ ನೋಡಿದರು, ಮಗಳಿಂದ ಎತ್ತಿಸಿದರು, ಒಂದು ವಾಕ್ಯಕ್ಕೆ ಎರಡು ದಿನ ಕೂತರು. ಕೊನೆಗೆ ಬರೆದದ್ದು ಹೀಗೆ: "ಚಕ್ರದ ಬ್ರೇಕ್ ಹಾಕಬೇಡಿ. ಯಂತ್ರದ ಕಾಲಿಗೆ ನಿಮ್ಮ ಪಾದ ತಾಗಿಸಿ ನಿಲ್ಲಿ. ಗಾಳಿಗೆ ಬಾಗಿಲು ಹೊಡೆದುಕೊಳ್ಳದಂತೆ ಪಾದ ಕೊಟ್ಟು ತಡೆಯುತ್ತೀರಲ್ಲ, ಅಷ್ಟೇ ಒತ್ತಿ. ಯಂತ್ರ ಒಂದು ಗೇಣು ಸರಿಯಬಹುದು. ಸರಿಯಲಿ." ನಾನು ಅದನ್ನು ಮೂರು ಸಲ ಓದಿದೆ. ಆ "ಸರಿಯಲಿ" ಎಂಬ ಒಂದು ಮಾತಿನಲ್ಲಿ ನಾನು ಫೋನಿನಲ್ಲಿ ಹತ್ತು ನಿಮಿಷ ಹೇಳುವ ಸಮಾಧಾನ ಇತ್ತು.

ಲಾರಿ ಡ್ರೈವರನ ಹೆಂಡತಿಗೆ ನಾನು ಕೊಟ್ಟ ಮಾತಿನ ವಿಷಯ ಮಗಳು ಕೈಪಿಡಿಯ ಮೇಡಂಗೆ ಹೇಳಿದ್ದಳು. ಅವರು ಆ ಹೆಂಗಸಿಗೆ ಫೋನ್ ಮಾಡಿ ಯಂತ್ರದ ಬಗ್ಗೆ ಚಕಾರ ಎತ್ತದೆ ಬರೀ ಕೇಳಿದರು. ಮಂಚ ಎಷ್ಟು ಎತ್ತರ, ನೆಲ ಎಂಥದು, ಕನ್ನಡಕ ಹಾಕುತ್ತೀರಾ. ಓದಲು ಕನ್ನಡಕ ಬೇಕು, ಆದರೆ ಗಂಡನ ಕೆಲಸ ಮಾಡುವಾಗ ಬಗ್ಗಿದರೆ ಜಾರಿ ಬೀಳುತ್ತದೆಂದು ತೆಗೆದಿಡುತ್ತಾರೆ ಎಂದು ತಿಳಿಯಿತು. ಮರುದಿನವೇ ಕೈಪಿಡಿಯ ಅಕ್ಷರ ದಪ್ಪಗಾಯಿತು.

"ಎಲ್ಲರಿಗೂ ಅಂತ ಬರೆದ್ರೆ ಯಾರಿಗೂ ಆಗಲ್ಲ ಸಾರ್. ನಾನು ಇದನ್ನ ಆ ಅಮ್ಮನಿಗೇ ಬರೀತೀನಿ," ಎಂದರು.

ಹಾಗೆಂದು ಜಗಳ ಆಗಲಿಲ್ಲ ಎಂದಲ್ಲ. ಉಕ್ಕಿನ ಪುಟಗಳನ್ನು ಪೂರ್ತಿ ಕಿತ್ತು ಹಾಕಿದ್ದಕ್ಕೆ ನಾನು ಮೇಜು ಗುದ್ದಿದೆ. ಅಷ್ಟು ಒಳ್ಳೆಯ ಉಕ್ಕು ಈ ದಂಧೆಯಲ್ಲಿ ಇನ್ನಾರೂ ಹಾಕುವುದಿಲ್ಲ ಎಂದೆ. "ನಿಜ, ನನಗೂ ಹೆಮ್ಮೆ ಅನ್ನಿಸ್ತು," ಎಂದರು ತಣ್ಣಗೆ. "ಆದ್ರೆ ಗಂಡನ್ನ ಎತ್ತೋಕೆ ನಿಂತಿರೋಳಿಗೆ ಅದು ಯಾತಕ್ಕೆ?" ಫೋನ್ ನಂಬರನ್ನು ಮೊದಲ ಪುಟದಿಂದ ಕೊನೆಯ ಪುಟಕ್ಕೆ ತಳ್ಳಿದಾಗ ಮಾತ್ರ ನಾನು ಜಗಳ ಆಡಲಿಲ್ಲ. ಸುಮ್ಮನೆ ಎದ್ದು ಹೊರಗೆ ಹೋಗಿ ಬೆಸುಗೆಯವರ ಹತ್ತಿರ ನಿಂತೆ. ಹನ್ನೆರಡು ವರ್ಷ ಮೊದಲ ಸಾಲಿನಲ್ಲಿದ್ದವನು ನಾನು.

ಇನ್ನು ಪರೀಕ್ಷೆ. ಯಂತ್ರವನ್ನೇ ಕಾಣದ ಒಬ್ಬರನ್ನು ಹೊರಗಿನಿಂದ ಕರೆತಂದು, ಕೈಪಿಡಿ ಕೊಟ್ಟು, ಫಿಟ್ಟರನ್ನು ಎತ್ತಿಸುವುದು. ಒಬ್ಬರು ಒಂದೇ ಸಲಕ್ಕೆ. ಮಾಡಿದ ಮೇಲೆ ಅವರಿಗೆ ಗೊತ್ತಾಗಿಬಿಡುತ್ತದಲ್ಲ, ಮತ್ತೆ ಕೆಲಸಕ್ಕೆ ಬಾರರು. ಮೊದಲು ಬಂದದ್ದು ಎದುರಿನ ಪೇಪರ್ ಅಂಗಡಿಯವರು. ಅವರು ಕುಣಿಕೆಯನ್ನು ಅಡ್ಡಾದಿಡ್ಡಿ ಸಿಕ್ಕಿಸುವಾಗ ನನಗೆ ತಡೆಯಲಾಗಲಿಲ್ಲ, "ಅದು ಕಾಲಿಂದು ಮಾರಾಯ!" ಎಂದುಬಿಟ್ಟೆ. ಆಕೆ ಸ್ಟಾಪ್‌ವಾಚ್ ನಿಲ್ಲಿಸಿ, ಅಂಗಡಿಯವರಿಗೆ ಥ್ಯಾಂಕ್ಸ್ ಹೇಳಿ ಕಳಿಸಿದರು. "ಒಬ್ಬರು ಹಾಳಾದ್ರು," ಎಂದು ಬರೆದುಕೊಂಡರು.

ಮಾರನೆಯ ದಿನ ನಿವೃತ್ತ ಟೈಪಿಸ್ಟ್ ಒಬ್ಬರು ಬಂದರು. ಆವತ್ತು ನಾನು ತುಟಿ ಬಿಚ್ಚಲಿಲ್ಲ. ಅವರು ತಪ್ಪು ಹಿಡಿಗೆ ಕೈ ಹಾಕಿದಾಗ ಕೆಮ್ಮಿದೆ, ಅಷ್ಟೇ. ಗಂಟಲು ರೋಗಿ, ಕೆಮ್ಮಬಾರದೇ? ಟೈಪಿಸ್ಟ್ ಕೈ ಹಿಂದೆ ತೆಗೆದು ಸರಿಯಾದ ಹಿಡಿ ಹಿಡಿದರು.

ಆಕೆ ನನ್ನನ್ನು ಪಕ್ಕಕ್ಕೆ ಕರೆದರು. "ಆ ಕೆಮ್ಮು ಕೈಪಿಡೀಲಿ ಇರಲ್ಲ ಸಾರ್. ಇನ್ನು ಆರು ದಿನಕ್ಕೆ ಎಲ್ಲೂ ಇರಲ್ಲ."

ಅಷ್ಟು ನೇರವಾಗಿ ಆ ಮಾತನ್ನು ನನ್ನ ಮನೆಯವರು ಯಾರೂ ಆಡಿರಲಿಲ್ಲ. ಎಲ್ಲರೂ "ಸರಿ ಹೋಗುತ್ತೆ ಬಿಡಿ" ಎನ್ನುವವರೇ. ನನಗೆ ಅಳು ಬಂತು, ಅತ್ತೆ. ಆಕೆ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು, ಬೆನ್ನು ತಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ, ಅಳು ಮುಗಿಯುವವರೆಗೆ ಕಾದರು. ಆಮೇಲೆ, "ನಾಳೆ ಹನ್ನೊಂದಕ್ಕೆ ಇನ್ನೊಬ್ಬರು ಬರ್ತಾರೆ," ಎಂದರು.

ಮೂರನೆಯವರು ಪಕ್ಕದ ಬೀದಿಯ ಟೈಲರಮ್ಮ. ನಾನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಮೂಲೆಯಲ್ಲಿ ನಿಂತೆ. ಟೈಲರಮ್ಮ ಅಚ್ಚುಕಟ್ಟಾಗಿ ಜೋಳಿಗೆ ಹಾಸಿದರು, ಪಾದ ಕೊಟ್ಟರು, ಹಿಡಿ ಒತ್ತಿದರು. ಫಿಟ್ಟರ್ ಹಾಸಿಗೆಯಿಂದ ಒಂದು ಮೊಳ ಮೇಲೆದ್ದ. ಆಗ ಪುಟ ಮುಗಿಯಿತು. ಆ ತಾಯಿ ಒಂದು ಕೈಯಲ್ಲಿ ಜೋಳಿಗೆ ಹಿಡಿದು, ಇನ್ನೊಂದು ಕೈ ಚಾಚಿ ಪುಟ ತಿರುಗಿಸಲು ಹೋದರು. ಪುಸ್ತಕ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಲು ಬಗ್ಗುವುದೋ, ಜೋಳಿಗೆ ಬಿಡುವುದೋ ತಿಳಿಯದೆ ನಿಂತರು. ಮೇಲಿಂದ ಫಿಟ್ಟರ್, "ಅಕ್ಕಾ, ನಾನು ಇಲ್ಲೇ ಇರ್ತೀನಿ, ನಿಧಾನಕ್ಕೆ ಓದ್ಕೊಳ್ಳಿ," ಎಂದ. ಎಲ್ಲರೂ ನಕ್ಕರು. ಕೈಪಿಡಿಯ ಮೇಡಂ ನಗಲಿಲ್ಲ. ನೆಲಕ್ಕೆ ಬಿದ್ದ ಪುಸ್ತಕ ಎತ್ತಿಕೊಂಡರು.

"ಇದು ನನ್ನ ತಪ್ಪು," ಎಂದರು. "ಗಾಳೀಲಿ ಮನುಷ್ಯ ಇರುವಾಗ ಪುಟ ತಿರುಗಿಸೋ ಹಾಗೆ ಇರಲೇಬಾರದು."

ಆವತ್ತು ಅವರು ಊಟಕ್ಕೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಇಡೀ ಪುಸ್ತಕ ಬಿಚ್ಚಿ ಮತ್ತೆ ಜೋಡಿಸಿದ್ದರು. ಮನುಷ್ಯ ಹಾಸಿಗೆ ಬಿಟ್ಟು ಏಳುವುದರಿಂದ ಕುರ್ಚಿಗೆ ಕೂರುವವರೆಗಿನ ಎಲ್ಲವೂ ಎದುರು ಬದುರಿನ ಎರಡು ಪುಟದಲ್ಲಿ, ನಿಂತಲ್ಲಿಂದಲೇ ಓದುವಷ್ಟು ದಪ್ಪಕ್ಷರದಲ್ಲಿ. ಸುರುಳಿ ತಂತಿಯ ಹೊಲಿಗೆ, ಬಿಚ್ಚಿಟ್ಟರೆ ತಾನಾಗಿ ಮುಚ್ಚದು. ಒಟ್ಟು ಹನ್ನೆರಡು ಪುಟ. ನಾನು ನಲವತ್ತು ವರ್ಷ ಕಬ್ಬಿಣದ ಜೊತೆ ಏಗಿದವನು. ಒಂದು ಕೆಲಸ ಸರಿಯಾಗಿ ಕೂತಾಗ ಕೈಗೆ ಗೊತ್ತಾಗುತ್ತದೆ. ಆ ಹನ್ನೆರಡು ಪುಟ ಹಿಡಿದಾಗ ನನ್ನ ಕೈಗೆ ಗೊತ್ತಾಯಿತು, ಇವರೂ ಯಂತ್ರವನ್ನೇ ಮಾಡಿದ್ದಾರೆ ಎಂದು.

ನಾಲ್ಕನೆಯವರು ಒಂಬತ್ತು ನಿಮಿಷದಲ್ಲಿ ಫಿಟ್ಟರನ್ನು ಕುರ್ಚಿಗೆ ಕೂರಿಸಿದರು. ನಾನು ಕರವಸ್ತ್ರ ಕಚ್ಚಿಕೊಂಡೇ ಇದ್ದೆ, ಮುಗಿದದ್ದೂ ಗೊತ್ತಾಗಲಿಲ್ಲ. ಮಗಳು ಬಂದು ಬಾಯಿಂದ ತೆಗೆದಳು.

ಹೊರಡುವ ದಿನ, ನಿಮ್ಮ ಹೆಸರು ಎಲ್ಲಿ ಹಾಕೋಣ ಎಂದು ಕೇಳಿದೆ. ಬೇಡ ಎಂದರು. "ಹೆಸರು ಓದ್ತಾ ಕೂತ್ರೆ ಮೊದಲನೇ ಹೆಜ್ಜೆ ತಡ ಆಗುತ್ತೆ ಸಾರ್." ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹಿಡಿಯಲು ಓಡಿದರು. ಇನ್ನೆರಡು ದಿನಕ್ಕೆ ದನಿ ಹೋಗುವ ಮನುಷ್ಯ ನಾನು. ಉಳಿದ ದನಿಯಲ್ಲಿ ಅವರ ಬೆನ್ನಿಗೆ, "ಮೇಡಂ, ನೀವು ದೊಡ್ಡವರು!" ಎಂದು ಕೂಗಿದೆ. ಬೀದಿಯವರೆಲ್ಲ ತಿರುಗಿ ನೋಡಿದರು. ಅವರು ಕೈ ಬೀಸಿ ಬಸ್ಸು ಹತ್ತಿದರು.

ಆಪರೇಷನ್ ಆಯಿತು. ಅದರ ವಿವರ ಬೇಡ. ನಾಲ್ಕು ವಾರದ ಮೇಲೆ, ಕೊರಳಿಗೆ ಬಟ್ಟೆ ಸುತ್ತಿಕೊಂಡು, ಜೇಬಿನಲ್ಲಿ ಚೀಟಿಪುಸ್ತಕ ಇಟ್ಟುಕೊಂಡು ಕಾರ್ಖಾನೆಗೆ ಬಂದು ಕೂತೆ. ಲಾರಿ ಡ್ರೈವರನ ಮನೆಗೆ ಯಂತ್ರ ಹೋಗಿ ಒಂಬತ್ತು ದಿನವಾಗಿತ್ತು. ಫೋನ್ ಬಂದಿತ್ತೇ ಎಂದು ಬರೆದು ಕೇಳಿದೆ. ಇಲ್ಲ ಎಂದಳು ಮಗಳು. ಒಂಬತ್ತು ದಿನ ಫೋನ್ ಮಾಡದ ಗಿರಾಕಿ ನನ್ನ ಲೆಕ್ಕದಲ್ಲಿ ಒಂದೇ ಬಗೆ. ಯಂತ್ರ ಮೂಲೆ ಸೇರಿದೆ, ಅದರ ತೋಳಿಗೆ ಟವೆಲ್ಲು ಒಣಗುತ್ತಿದೆ. ನಾನು ಬರೆದೆ: "ನೀನೇ ಫೋನ್ ಮಾಡು. ಈಗಲೇ."

"ಬೇಡ ಅಪ್ಪ. ನಾವಾಗಿ ಮಾಡಿದ್ರೆ ಮತ್ತೆ ಕೆಮ್ಮಿದ ಹಾಗೇ."

ಮಗಳಿಗೂ ಕೈಪಿಡಿಯ ಮೇಡಂ ಗಾಳಿ ಬಡಿದಿತ್ತು. ಅವಳ ಮೇಲೆ ಸಿಟ್ಟು ಬಂತು, ಕೂಗಲು ಬಾಯಿ ತೆರೆದೆ. ಕೊರಳ ತೂತಿನಿಂದ ಬರೀ ಗಾಳಿ ಬಂತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಮರುದಿನ ಮಧ್ಯಾಹ್ನ ಫೋನ್ ಬಂತು. ಮಗಳು ಸ್ಪೀಕರ್ ಹಾಕಿದಳು. ಲಾರಿ ಡ್ರೈವರನ ಹೆಂಡತಿಯ ಅದೇ ದನಿ.

"ಮೇಡಂ, ನಿಮ್ಮ ಆ ಪುಸ್ತಕ ಇನ್ನೊಂದು ಕಳಿಸೋಕಾಗುತ್ತಾ?"

"ಯಾಕಮ್ಮ, ಕಳೆದುಹೋಯ್ತಾ?"

"ಇಲ್ಲ, ನೆಂದುಹೋಯ್ತು. ಇವರಿಗೆ ಸ್ನಾನ ಮಾಡಿಸ್ತಾ ಇದ್ದೆ. ದಿನಾ ಎತ್ತಿ ಕಿಟಕಿ ಹತ್ರ ಕೂರಿಸ್ತಾ ಇದ್ದೆ, ಅದೇನೂ ಕಷ್ಟ ಆಗ್ಲಿಲ್ಲ. ಇವತ್ತು ಧೈರ್ಯ ಮಾಡಿ ಚಕ್ರದ ಕುರ್ಚೀಲಿ ಕೂರಿಸ್ಕೊಂಡು ಬಚ್ಚಲಿಗೇ ಕರ್ಕೊಂಡು ಹೋದೆ. ಹದಿನಾಲ್ಕು ತಿಂಗಳು ಬರೀ ಒದ್ದೆ ಬಟ್ಟೇಲಿ ಒರೆಸಿದ್ದು ಮೇಡಂ. ಇವತ್ತು ತಲೆ ಮೇಲಿಂದ ನೀರು ಹುಯ್ದೆ. ಇವರು ಕೈಯಿಂದ ಮಗ್ ಕಿತ್ಕೊಂಡು ನನ್ನ ಮೇಲೂ ಹುಯ್ದ್ರು, ಪುಸ್ತಕದ ಮೇಲೂ ಹುಯ್ದ್ರು. ಏನ್ ಹೇಳ್ಲಿ ಈ ಮನುಷ್ಯಂಗೆ."

ಹಿಂದಿನಿಂದ ಒಬ್ಬ ಗಂಡಸು ನಗುವುದು ಕೇಳಿಸಿತು. ದಪ್ಪ ನಗು, ತೊಂಬತ್ತೆರಡು ಕೆಜಿಯದು.

"ಬೇರೆ ಏನಾದ್ರೂ ಕೇಳೋದಿದೆಯಾ ಅಮ್ಮ?" ಎಂದಳು ಮಗಳು. ನನ್ನ ಕಡೆ ನೋಡುತ್ತಲೇ ಕೇಳಿದಳು.

"ಏನೂ ಇಲ್ಲ ಮೇಡಂ. ಪುಸ್ತಕ ಒಂದು ಕಳಿಸಿ, ಸಾಕು."

ಹನ್ನೆರಡು ವರ್ಷದಲ್ಲಿ ಒಬ್ಬ ಗಿರಾಕಿಯೂ "ಏನೂ ಇಲ್ಲ" ಎಂದಿರಲಿಲ್ಲ. ನನಗೆ ಸಂತೋಷವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಹೇಳುವುದಿಲ್ಲ. ನಾನೇ ಎದ್ದು ಹೋಗಿ ಕಪಾಟಿನಿಂದ ಒಂದು ಪ್ರತಿ ತೆಗೆದೆ, ಲಕೋಟೆಗೆ ಹಾಕಿ ಅವರ ವಿಳಾಸ ಬರೆದೆ. ಜೊತೆಗೆ ನನ್ನದೂ ಒಂದು ಚೀಟಿ ಇಡೋಣವೆಂದು ಪೆನ್ನು ಹಿಡಿದು ಕೂತೆ. ನಾನೇ ಹೇಳುತ್ತೇನೆ ಎಂದು ಮಾತು ಕೊಟ್ಟವನಲ್ಲವೇ, ಏನಾದರೊಂದು ಹೇಳಬೇಕಿತ್ತು. ಜೋಳಿಗೆ ಒಣಗಿಸುವ ಬಗೆ ಬರೆಯೋಣವೆಂದು ನೋಡಿದೆ, ಅದು ಹತ್ತನೇ ಪುಟದಲ್ಲಿತ್ತು. ಚಕ್ರಕ್ಕೆ ಸುತ್ತಿಕೊಳ್ಳುವ ಕೂದಲಿನ ವಿಷಯ ಹನ್ನೊಂದರಲ್ಲಿತ್ತು. ಇಡೀ ಪುಸ್ತಕ ತಿರುವಿದೆ. ಹೇಳುವುದು ಒಂದೂ ಉಳಿದಿರಲಿಲ್ಲ. ಚೀಟಿ ಖಾಲಿಯಾಗಿಯೇ ಜೇಬಿಗೆ ಹಾಕಿಕೊಂಡು ಲಕೋಟೆ ಅಂಟಿಸಿದೆ.